ಬೀಸುವ ಕಲ್ಲಿನ ಪರೀಕ್ಷೆ

ಹೊಸ ರಾಗಿಹಿಟ್ಟಿನ ವಾಸನೆ ಬಂದರೆ ಈಗಲೂ ನನಗೆ ಟೇಕಲ್ ಊರಿನ ಆ ಮಧ್ಯಾಹ್ನ ನೆನಪಾಗುತ್ತದೆ. ನನಗಾಗ ಹತ್ತು ವರ್ಷ. ನನಗೆ ಪದ್ಯ ಕಟ್ಟುವುದನ್ನು ಹೇಳಿಕೊಡುತ್ತಿದ್ದ ವಯಸ್ಸಾದ ಮೇಷ್ಟ್ರು, ಯಾರದೇ ಹೊಸ ಪದ್ಯವಾದರೂ ರಾಗಿ ಬೀಸುವ ಮುನಿಯಮ್ಮನ ಮುಂದೆ ಹಾಡಿಸುತ್ತಿದ್ದರು. ಕಲ್ಲು ತಡವರಿಸಿದರೆ ಪದ್ಯ ಕುಂಟುತ್ತಿದೆ ಎಂದರ್ಥ.

ಅಂದು ಮೊದಲು ಅವರೇ ತಮ್ಮದೊಂದು ಘನವಾದ ಪದ್ಯ ಹಾಡಿದರು. ಎರಡನೇ ಸಾಲಿಗೇ ಕಲ್ಲು ನಿಂತಿತು.

"ಕೈ ಓಡ್ತಿಲ್ಲ ಮೇಷ್ಟ್ರೇ," ಎಂದಳು ಮುನಿಯಮ್ಮ, ಮುಖದ ಹಿಟ್ಟು ಒರೆಸಿಕೊಳ್ಳುತ್ತಾ.

ನಾನು ಹೆದರುತ್ತಲೇ ನಮ್ಮ ಕರುವಿನ ಮೇಲೆ ಕಟ್ಟಿದ್ದ ಪದ್ಯ ಹಾಡಿದೆ. ಮೊರದ ರಾಗಿ ಮುಗಿಯುವವರೆಗೂ ಕಲ್ಲು ಗರಗರ ತಿರುಗಿತು.

ಮೇಷ್ಟ್ರು ಮಸಿಕುಡಿಕೆ ಎಳೆದುಕೊಂಡು ನನ್ನೆದುರು ಚಕ್ಕಳಮಕ್ಕಳ ಹಾಕಿ ಕೂತರು.

"ನಿಧಾನವಾಗಿ ಇನ್ನೊಂದ್ಸಲ ಹೇಳಮ್ಮ," ಎಂದರು. "ಬರ್ಕೋತೀನಿ."