ವೇದಿಕೆಯ ಶಾಸಕರು

ಪ್ರೇಕ್ಷಕರು ಹೇಳಿದ ಪಾತ್ರವನ್ನು ನಿಂತ ನಿಲುವಿನಲ್ಲೇ ಆಡಿ ನಗಿಸುವುದು ಸುಧನ್ವನ ಕೆಲಸ. ಆ ಸಂಜೆ ಯಾರೋ "ಶಾಸಕ" ಎಂದರು. ಸುಧನ್ವ ಕೈಮುಗಿದು, ಮುಂದಿನ ಹಬ್ಬ ಬರುವಷ್ಟರಲ್ಲಿ ಬಡಾವಣೆಯ ಚರಂಡಿ ಸರಿಮಾಡಿಸುವುದಾಗಿ ಮಾತು ಕೊಟ್ಟ.

"ಹೋದ ಸಲಾನೂ ಹಿಂಗೇ ಹೇಳಿದ್ರಲ್ಲ?" ಎಂದು ಪ್ರೇಕ್ಷಕನೊಬ್ಬ ಕೆಣಕಿದ.

"ಮುಂದಿನ ಸಲಾನೂ ಹೇಳ್ತೀನಿ. ನಾನು ಮಾತು ಬದಲಾಯಿಸೋನಲ್ಲ."

ಜನ ಬಿದ್ದು ಬಿದ್ದು ನಕ್ಕರು. ಸುಧನ್ವ ಬೀಗುತ್ತ ಹೊರಬಂದರೆ, ಪ್ರದರ್ಶನ ನೋಡಿದ್ದ ಹೆಂಗಸೊಬ್ಬರು ಬಾಗಿಲಲ್ಲಿ ಕಾಯುತ್ತಿದ್ದರು.

"ಸ್ವಾಮಿ, ನಮ್ಮ ಬೀದಿ ಚರಂಡೀನೂ ಸ್ವಲ್ಪ ನೋಡಿ. ಕೊಳಚೆ ನೀರು ಅಡುಗೆಮನೆಗೇ ನುಗ್ತೈತೆ."

ಅವನಿಗೆ ಮುಜುಗರವಾಯಿತು. "ಅಮ್ಮಾ, ನಾನು ನಿಜವಾದ ಶಾಸಕ ಅಲ್ಲ. ಸುಮ್ನೆ ನಾಟಕ ಆಡಿದ್ದು."

"ಗೊತ್ತು ಸ್ವಾಮಿ. ಅವರೂ ನಾಟಕಾನೇ ಆಡೋದು. ನೀವಾದ್ರೆ ಮುಗಿದ ಮೇಲೂ ಕೈಗೆ ಸಿಕ್ಕಿದ್ರಿ."