ರಾಯಪ್ಪ ಮೇಷ್ಟ್ರ ಕಟ್ಟಳೆ

ತಲೆಗೆ ಜಟೆ ಕಟ್ಟಿಕೊಂಡು, ಕೊರಳಿಗೆ ಬಟ್ಟೆಯ ಹಾವು ಸುತ್ತಿಕೊಂಡು, ಈಶ್ವರನ ವೇಷದ ಮಾಸ್ತಪ್ಪ ನಾಟಕದ ಅಟ್ಟದ ಮೇಲೆ ಕಾಲಿಡುವ ಮುಂಚೆ ಕಣ್ಣು ಮುಚ್ಚಿದ. ಬಲಗೈಯಿಂದ ಹಣೆ ಮುಟ್ಟಿದ, ಎದೆ ಮುಟ್ಟಿದ, ಎಡಭುಜ ಬಲಭುಜ ಮುಟ್ಟಿದ. ಆಮೇಲೆ ಗಂಟಲು ಸರಿಮಾಡಿಕೊಂಡ. ಅವನ ಹಿಂದೆ ನಿಂತಿದ್ದ ನಂದಿ, ದಕ್ಷ, ಅಂದೇ ಮೀಸೆ ಬೋಳಿಸಿಕೊಂಡಿದ್ದ ದಾಕ್ಷಾಯಿಣಿ, ಎಲ್ಲರೂ ಒಬ್ಬೊಬ್ಬರಾಗಿ ಹಾಗೆಯೇ ಮಾಡಿದರು. ಹಾರ್ಮೋನಿಯಂ ಪೆಟ್ಟಿಗೆಯ ಹಿಂದೆ ಕುಳಿತಿದ್ದ ರಾಯಪ್ಪ ಮೇಷ್ಟ್ರು ತಿದಿ ಒತ್ತುವುದನ್ನು ಅಲ್ಲಿಗೇ ನಿಲ್ಲಿಸಿದರು.

ಸೊರಬ ಸೀಮೆಯ ಹೊಸಬಾಳೆಯಲ್ಲಿ ಮರುದಿನ ನಾಟಕ, ಅಂದು ವೇಷ ಕಟ್ಟಿ ಕಡೆಯ ತಾಲೀಮು. ಪರದೆ ಕಟ್ಟಲು ಶಿಕಾರಿಪುರದಿಂದ ಬಂದಿದ್ದ ವೀರಬಸಪ್ಪನ ಕೈಯಿಂದ ಹಗ್ಗ ಜಾರಿತು. ಪರದೆ, ವೇಷದ ಸಾಮಾನು ಬಾಡಿಗೆಗೆ ಕೊಡುತ್ತ ಎರಡು ತಾಲ್ಲೂಕಿನ ನಾಟಕಗಳನ್ನೆಲ್ಲ ಕಂಡ ಮನುಷ್ಯ ಅವನು. ಇಂಥ ಈಶ್ವರನನ್ನು ಮಾತ್ರ ಕಂಡಿರಲಿಲ್ಲ.

"ಏ ಮಾಸ್ತಪ್ಪ, ಏನೋ ಇದು?"

"ರಂಗದ ಕಟ್ಟಳೆ ಕಣ್ರೀ. ನಮ್ ಮೇಷ್ಟ್ರು ಪೆಟ್ಟಿಗೆ ಮುಟ್ಟೋಕೆ ಮುಂಚೆ ದಿನಾ ಮಾಡ್ತಾರೆ. ನಾವೂ ಶುರು ಮಾಡಿದ್ವಿ. ಈಗ ನನ್ ಗಂಟ್ಲು ಕೇಳಿ ಬೇಕಾದ್ರೆ, ಗಂಟೆ ಹೊಡ್ದಂಗೆ ಐತೆ!"

"ಕಟ್ಟಳೆಯಲ್ಲೋ ಮಾರಾಯ, ಇದು ಕಿರಿಸ್ತಾನರು ಚರ್ಚಿನಾಗ ಮಾಡೋದು! ಶಿವಮೊಗ್ಗದಾಗ ಕಣ್ಣಾರೆ ನೋಡೀನಿ."

ಎರಡು ತಿಂಗಳಿಂದ ಮೇಷ್ಟ್ರು ಈ ರೈತರಿಗೆ ಹಾಡು, ಮಾತು, ನಡಿಗೆ ಎಲ್ಲ ಕಲಿಸಿದ್ದರು. ತಮ್ಮ ಪ್ರಾರ್ಥನೆಯನ್ನು ಮಾತ್ರ ಪೆಟ್ಟಿಗೆಯ ಹಿಂದೆ ತಲೆ ತಗ್ಗಿಸಿ, ಸೊಳ್ಳೆ ಓಡಿಸುವವರ ಹಾಗೆ ಮುಗಿಸುತ್ತಿದ್ದರು. ಯಾರೂ ನೋಡುತ್ತಿಲ್ಲವೆಂದು ಅವರ ನಂಬಿಕೆ. ಗುರು ಕೆಮ್ಮಿದರೆ ಅದನ್ನೂ ರಾಗವೆಂದು ಕಲಿಯುವ ಶಿಷ್ಯರ ಮುಂದೆ ಇಂಥ ಗುಟ್ಟು ಎಲ್ಲಿ ನಿಲ್ಲುತ್ತದೆ? ಈವರೆಗಿನ ತಾಲೀಮಿನಲ್ಲಿ ಅವರೆಲ್ಲ ಬೆನ್ನ ಹಿಂದೆ ನಿಲ್ಲುತ್ತಿದ್ದರಿಂದ ಮೇಷ್ಟ್ರಿಗೇ ಗೊತ್ತಾಗಿರಲಿಲ್ಲ, ಅಷ್ಟೇ.

ಅವರು ಯಾರಿಗೂ ಸುಳ್ಳು ಹೇಳಿದವರಲ್ಲ. ರಾಯಪ್ಪ ಎಂಬ ಹೆಸರು ಕೇಳಿ ಯಾರೂ ಮುಂದಕ್ಕೆ ವಿಚಾರಿಸುತ್ತಿರಲಿಲ್ಲ, ಇವರಾಗಿ ಹೇಳುತ್ತಿರಲಿಲ್ಲ. ಹದಿನೈದು ವರ್ಷದ ಹಿಂದೆ ನಾಟಕ ಕಂಪನಿಯ ಮಾಲೀಕನೊಬ್ಬ, "ಪೆಟ್ಟಿಗೆ ತಗೊಂಡು ಬಾ, ಶಿಲುಬೆ ಮನೇಲಿಟ್ಟು ಬಾ" ಎಂದಿದ್ದ. ಅಂದಿನಿಂದ ಹೊಟ್ಟೆಪಾಡು ನಡೆದಿತ್ತು. ಆದರೆ ಊರಿಗೆ ಹೋದಾಗಲೆಲ್ಲ ಅಪ್ಪನ ಮುಖ ನೋಡಲು ನಾಚಿಕೆಯಾಗುತ್ತಿತ್ತು.

ವೀರಬಸಪ್ಪ ಸೊಂಟದ ಮೇಲೆ ಕೈಯಿಟ್ಟು ಬಂದು ನಿಂತ. "ಚೊಲೋ ಉಪಾಯ ಹೂಡೀರಿ ಮೇಷ್ಟ್ರ! ನಾಟಕ ಕಲಸ್ತೀನಂತ ಬಂದು ಊರಿಗೆ ಊರೇ ಜಾತಿ ಕೆಡಿಸೀರಿ." ಆಮೇಲೆ ದನಿ ತಗ್ಗಿಸಿದ. "ನೋಡ್ರಿ, ನನಗೂ ಬಾಡಿಗಿ ಕೆಡಿಸಿಕೊಳ್ಳೋ ಆಸೆಯಿಲ್ಲ. ಇದು ಕಂಪನಿಯವರ ರೂಢಿ ಅಂತ ಒಂದು ಮಾತು ಹೇಳಿಬಿಡ್ರಿ. ಪರದೆ ಕಟ್ತೀನಿ. ಇಲ್ಲಿಗೇ ಮುಗೀತೈತಿ."

ಒಂದೇ ಮಾತು. ಹೇಳಿದರೆ ನಾಳೆಯ ನಾಟಕ ಉಳಿಯುತ್ತದೆ, ಮುಂದಿನ ವರ್ಷ ಈ ಸೀಮೆಯಲ್ಲಿ ಕೆಲಸವೂ ಉಳಿಯುತ್ತದೆ. ರಾಯಪ್ಪ ಮೇಷ್ಟ್ರು ಶಿಷ್ಯರ ಮುಖ ನೋಡಿದರು. ಹದಿನಾಲ್ಕು ಜನ, ಬಣ್ಣ ಬಳಿದುಕೊಂಡು, ಅವರ ಬಾಯನ್ನೇ ನೋಡುತ್ತ ನಿಂತಿದ್ದರು. ಮೇಷ್ಟ್ರು ಎದ್ದು ನಿಂತರು.

"ರೂಢಿ ಅಲ್ಲ ವೀರಬಸಪ್ಪನೋರೇ. ಅದು ನನ್ನ ಪ್ರಾರ್ಥನೆ. ನಾನು ಕ್ರೈಸ್ತ. ನಮ್ಮಪ್ಪ ಚರ್ಚಿನಲ್ಲಿ ಪೆಟ್ಟಿಗೆ ನುಡಿಸ್ತಿದ್ರು. ಅವರ ತೊಡೆ ಮೇಲೆ ಕೂತೇ ನಾನು ಸರಿಗಮ ಕಲಿತದ್ದು." ಶಿಷ್ಯರ ಕಡೆ ತಿರುಗಿದರು. "ನಿಮಗೆ ನಾನು ಕಲಿಸಿದ್ದು ಶಿವನ ಹಾಡು ಮಾತ್ರ ಕಣ್ರಪ್ಪ. ಇದನ್ನ ಕಲಿಸಿಲ್ಲ. ನಾನು ಕದ್ದು ಮಾಡ್ದೆ, ಅದಕ್ಕೇ ನೀವು ತಿಳೀದೆ ಮಾಡಿದ್ರಿ. ಮುಚ್ಚಿಟ್ಟಿದ್ದು ನನ್ನ ತಪ್ಪು. ಕ್ರೈಸ್ತ ಆಗಿರೋದು ತಪ್ಪಲ್ಲ."

ಹೇಳಿ ಮುಗಿಸಿದಾಗ ಅವರಿಗೆ ಭಯವಾಗಲಿಲ್ಲ. ಹೆಮ್ಮೆಯೆನಿಸಿತು. ಇದನ್ನು ಅಪ್ಪ ಕೇಳಬೇಕಿತ್ತು ಅನ್ನಿಸಿತು.

ದಕ್ಷನ ವೇಷದವನು ಆಗ ಮುಟ್ಟಿದ್ದ ಹಣೆಯನ್ನು ಪಂಚೆಯ ಚುಂಗಿನಿಂದ ಒರೆಸಿಕೊಂಡ. ಮಾಸ್ತಪ್ಪ ಬಹಳ ಹೊತ್ತು ಯೋಚನೆ ಮಾಡಿದ. ಹೊಲ ಉಳುವಾಗಲೂ ಅವನಿಗೆ ಅವಸರವಿಲ್ಲ.

"ಮೇಷ್ಟ್ರೇ, ಶಿವನ ಪದ ಹೇಳ್ಕೊಡುವಾಗ ನಿಮ್ ಕಣ್ಣಲ್ಲಿ ನೀರು ಬರ್ತಿತ್ತಲ್ಲ. ಅದೂ ಕಂಪನಿ ರೂಢಿನಾ?"

"ಇಲ್ಲ ಮಾಸ್ತಪ್ಪ. ಅದು ನಿಜವಾಗ್ಲೂ ಬರ್ತಿತ್ತು."

"ಅಷ್ಟು ಸಾಕು ಬಿಡಿ." ಮಾಸ್ತಪ್ಪ ವೀರಬಸಪ್ಪನ ಕಡೆ ತಿರುಗಿದ. "ಬಿಚ್ಕೊಂಡು ಹೋಗೋದಾದ್ರೆ ಹೋಗಿ. ಬಯಲಲ್ಲೇ ಆಡ್ತೀವಿ. ಕೈಲಾಸಕ್ಕೆ ಯಾವನು ಪರದೆ ಕಟ್ಟಿದ್ದ?"

ನಂದಿ ಕಿಸಕ್ಕನೆ ನಕ್ಕ. ಮತ್ತೆ ಹಗ್ಗ ಹಿಡಿದ ವೀರಬಸಪ್ಪ ಅತ್ತ ಕಟ್ಟಲೂ ಇಲ್ಲ, ಇತ್ತ ಬಿಚ್ಚಲೂ ಇಲ್ಲ.

"ನಮಗೆ ನಮ್ ವಿಭೂತಿ ಐತೆ ಮೇಷ್ಟ್ರೇ, ನಾವು ಅದನ್ನ ಹಚ್ಕೋತೀವಿ," ಎಂದ ಮಾಸ್ತಪ್ಪ. "ನಿಮ್ದು ನೀವು ಮಾಡಿ. ಆದ್ರೆ ಹಿಂಗೆ ಪೆಟ್ಟಿಗೆ ಹಿಂದೆ ಬಗ್ಗಿ ಬ್ಯಾಡ. ಮುಂದೆ ಬಂದು ನಿಂತ್ಕೊಂಡು ಮಾಡಿ. ನಾಳೆನೂ ಹಂಗೇ ಮಾಡ್ಬೇಕು. ನಮ್ ಮೇಷ್ಟ್ರು ಯಾರು ಅಂತ ಸೊರಬದೋರೆಲ್ಲ ನೋಡ್ಲಿ."

ರಾಯಪ್ಪ ಮೇಷ್ಟ್ರು ಪೆಟ್ಟಿಗೆಯ ಮುಂದಕ್ಕೆ ಬಂದರು. ಹದಿನೈದು ವರ್ಷದ ಅವಸರವನ್ನೆಲ್ಲ ಬಿಟ್ಟು, ನಿಧಾನವಾಗಿ ಬಲಗೈಯನ್ನು ಹಣೆಗೆ ತಂದರು. ಅವರ ಪ್ರಾರ್ಥನೆ ಮುಗಿಯುವವರೆಗೂ ಈಶ್ವರ ತ್ರಿಶೂಲವನ್ನು ನೆಲಕ್ಕಿಟ್ಟು ಕಾದು ನಿಂತಿದ್ದ.