ರಾಜಲಕ್ಷ್ಮಮ್ಮನವರ ವೋಟು

"ಜೊತೆಗೆ ಒಬ್ಬರನ್ನು ಮಾತ್ರ ಕರೆದುಕೊಂಡು ಹೋಗಬಹುದು" ಎಂದಳು ಮತಗಟ್ಟೆಯ ಮೇಜಿನ ಹಿಂದೆ ಕುಳಿತಿದ್ದ ಅಮೆರಿಕದ ಹೆಂಗಸು.

ರಾಜಲಕ್ಷ್ಮಮ್ಮನವರ ಎರಡೂ ಪಕ್ಕದಲ್ಲಿ ನಿಂತಿದ್ದ ಹರಿಣಿ, ಶ್ರೀಲತಾ ಇಬ್ಬರೂ ಒಟ್ಟಿಗೇ ಒಂದು ಹೆಜ್ಜೆ ಮುಂದಿಟ್ಟರು. ರಾಜಲಕ್ಷ್ಮಮ್ಮನವರ ಕಣ್ಣಿನ ಪೊರೆ ತೆಗೆದು ಒಂಬತ್ತು ದಿನವಾಗಿತ್ತು. ಕಪ್ಪು ಕನ್ನಡಕದ ಒಳಗಿಂದ ಅವರಿಗೆ ಕಂಡದ್ದು ಎರಡು ಸ್ವೆಟರುಗಳು ಮಾತ್ರ. ಹೋದ ಚುನಾವಣೆಯಲ್ಲಿ ಯಜಮಾನರು ಪಕ್ಕದಲ್ಲಿ ನಿಂತು ಹೆಸರುಗಳನ್ನು ಓದಿ ಹೇಳಿದ್ದರು. ಈಗ ಅವರಿಲ್ಲ.

ಗೈದರ್ಸ್‌ಬರ್ಗಿನ ಆ ಅಪಾರ್ಟ್‌ಮೆಂಟಿನ ಕನ್ನಡದ ಹೆಂಗಸರಲ್ಲಿ ವೋಟಿದ್ದದ್ದು ಅವರೊಬ್ಬರಿಗೆ. ಉಳಿದವರೆಲ್ಲ ವೀಸಾದವರು. ತಿರುಪತಿಗೆ ಹೊರಟವರ ಕೈಯಲ್ಲಿ ಬೀದಿಯವರೆಲ್ಲ ಕಾಣಿಕೆ ಕೊಟ್ಟು ಕಳಿಸುವ ಹಾಗೆ, ಹದಿನೈದು ದಿನದಿಂದ ಒಬ್ಬೊಬ್ಬರೇ ಬಂದು ತಮ್ಮ ತಮ್ಮ ಬೇಡಿಕೆಯನ್ನು ಅವರಿಗೆ ಒಪ್ಪಿಸಿ ಹೋಗಿದ್ದರು. ಪಟ್ಟು ಬಿಡದೆ ಬಾಗಿಲತನಕ ಬಂದವರು ಈ ಇಬ್ಬರು.

ಕಂಪೆನಿಗಳ ತೆರಿಗೆ ಇಳಿಸಿ ಊರಿಗೆ ಕೆಲಸ ತರುತ್ತೇನೆಂದು ಒಬ್ಬ ಗಂಡಸು ಚುನಾವಣೆಗೆ ನಿಂತಿದ್ದ. ಶ್ರೀಲತಾಳ ಗಂಡ ಶಶಿಕಾಂತನ ಪ್ರಾಜೆಕ್ಟು ಡಿಸೆಂಬರಿಗೆ ಮುಗಿಯುವುದಿತ್ತು. ಬೇರೆ ಕೆಲಸ ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಆ ಗಂಡಸಿಗೆ ಎದುರಾಗಿ ನಿಂತಿದ್ದ ಹೆಂಗಸು, ಗಂಡ ಕಂಪೆನಿ ಬದಲಿಸಿದರೂ ಬಸುರಿಯ ಖರ್ಚನ್ನು ವಿಮೆಯವರು ಕೊಡಲೇಬೇಕೆಂದು ಕಾನೂನು ಮಾಡಿಸುತ್ತೇನೆ ಎನ್ನುತ್ತಿದ್ದಳು. ಹರಿಣಿಗೆ ಐದು ತಿಂಗಳು. ಅವಳ ಗಂಡ ಗುರುದತ್ತನಿಗೆ ಒಳ್ಳೆಯ ಕೆಲಸವೇನೋ ಸಿಕ್ಕಿತ್ತು. ಆದರೆ ಆ ಕಂಪೆನಿಯ ವಿಮೆಯವರು, ಬಸಿರೆಂಬುದು ಕೆಲಸಕ್ಕೆ ಸೇರುವ ಮೊದಲೇ ಇದ್ದ ಕಾಯಿಲೆ, ಅದಕ್ಕೆ ಕೊಡುವುದಿಲ್ಲ ಎಂದು ಕಾಗದ ಬರೆದಿದ್ದರು.

"ಕಾಯಿಲೆ ಕೊಟ್ಟವನಿಗೆ ಮಾತ್ರ ಕೆಲಸ ಕೊಟ್ಟರಲ್ಲ!" ಎಂದು ರಾಜಲಕ್ಷ್ಮಮ್ಮ ಅವತ್ತೇ ನಕ್ಕಿದ್ದರು.

"ಆಂಟಿ, ನಾನ್ ಬರ್ತೀನಿ" ಎಂದಳು ಹರಿಣಿ.

"ನೀನು ಕೂತ್ಕೊ, ನಿಂತ್ರೆ ಕಾಲು ಊದುತ್ತೆ" ಎಂದಳು ಶ್ರೀಲತಾ. "ಅಲ್ಲ ಕಣೇ, ಆ ಕಾನೂನು ಪಾಸ್ ಆಗೋ ಹೊತ್ತಿಗೆ ನಿನ್ನ ಮಗು ಸ್ಕೂಲಿಗೆ ಹೋಗ್ತಿರುತ್ತೆ."

"ನಿಮ್ಮೋನು ಟ್ಯಾಕ್ಸ್ ಇಳಿಸೋ ಹೊತ್ತಿಗೆ ನೀನು ಜಯನಗರದಲ್ಲಿ ಸೊಪ್ಪು ಚೌಕಾಸಿ ಮಾಡ್ತಿರ್ತೀಯ!"

ಹಿಂದೆ ಸಾಲು ಬೆಳೆಯುತ್ತಿತ್ತು. ಮೇಜಿನ ಹೆಂಗಸು ಒಂದು ಮಾತೂ ತಿಳಿಯದೆ ಮುಗುಳ್ನಗುತ್ತಿದ್ದಳು.

"ಬೆಳಿಗ್ಗೆ ಕೃಷ್ಣನ ಹತ್ರ ಹೂ ಕೇಳ್ತೀನಿ ಅಂದ್ರಲ್ಲ ಆಂಟಿ, ಕೇಳಿದ್ರಾ?" ಎಂದಳು ಹರಿಣಿ, ಕೊನೆಯ ಆಸೆಯಿಂದ.

"ಕೇಳಿದೆ. ಬಲಗಡೆಯಿಂದಲೂ ಬೀಳಲಿಲ್ಲ, ಎಡಗಡೆಯಿಂದಲೂ ಬೀಳಲಿಲ್ಲ. ಅವನೂ ಪಾಪ ವೀಸಾ ಮೇಲೆ ಬಂದವನು, ಅವನಿಗೆಲ್ಲಿ ವೋಟು?" ಎನ್ನುತ್ತ ರಾಜಲಕ್ಷ್ಮಮ್ಮ ಕೈ ಚಾಚಿ ಒಂದು ಸ್ವೆಟರಿನ ತೋಳು ಹಿಡಿದರು. "ಶ್ರೀಲತಾ, ನೀನು ಬಾ."

ಹರಿಣಿ ಗೋಡೆಯ ಪಕ್ಕದ ಕುರ್ಚಿಯಲ್ಲಿ ಹೋಗಿ ಕುಳಿತಳು.

ಪರದೆಯ ಹಿಂದೆ ಶ್ರೀಲತಾ, ತೂತು ಚುಚ್ಚಿ ವೋಟು ಹಾಕುವ ಕಾರ್ಡನ್ನು ಮುಂದಿಟ್ಟುಕೊಂಡು ಎರಡು ಹೆಸರನ್ನೂ ಓದಿದಳು. ತನಗೆ ಬೇಕಾದ ಹೆಸರನ್ನು ಸ್ವಲ್ಪ ಜೋರಾಗಿಯೇ ಓದಿದಳು.

"ಆ ಹೆಂಗಸಿನ ಹೆಸರಿನ ಮುಂದೆ ಚುಚ್ಚು" ಎಂದರು ರಾಜಲಕ್ಷ್ಮಮ್ಮ.

"ಆಂಟಿ, ಅದು ಹರಿಣಿ ಕ್ಯಾಂಡಿಡೇಟು!"

"ಮೆತ್ತಗೆ. ಗೊತ್ತು."

"ಹಾಗಾದ್ರೆ ಅವಳನ್ನೇ ಕರ್ಕೊಂಡ್ ಬರಬೇಕಿತ್ತು. ನಮ್ಮ ಕಷ್ಟ ನಿಮಗೆ ಕಷ್ಟ ಅಂತ ಅನಿಸಲೇ ಇಲ್ವಾ?"

"ಕಾನೂನು ಬರೋ ಹೊತ್ತಿಗೆ ಹರಿಣಿ ಮಗು ಸ್ಕೂಲಿಗೆ ಹೋಗ್ತಿರುತ್ತೆ ಅಂತ ಈಗ ನೀನೇ ಹೇಳಿದೆ. ಸರಿಯಾಗೇ ಹೇಳಿದೆ. ಹಾಗಾದರೆ ಅದು ಉಪಯೋಗಕ್ಕೆ ಬರೋದು ಯಾರಿಗೆ, ಹೇಳು?"

ಶ್ರೀಲತಾ ಕಾರ್ಡನ್ನು ಇನ್ನೊಮ್ಮೆ ನೋಡಿದಳು.

"ಈ ಕೆಲಸ ಗಟ್ಟಿಯಾಗಲಿ, ಆಮೇಲೆ ಮಗು ಅಂದೆ ನೀನು. ಮುಂದಿನದು ಗಟ್ಟಿಯಾಗಲಿ ಅಂದೆ. ಮೂರು ವರ್ಷ ಆಯ್ತು. ಶಶಿಕಾಂತ ಇನ್ನೂ ನಾಲ್ಕು ಕಂಪೆನಿ ಬದಲಾಯಿಸ್ತಾನೆ ಕಣಮ್ಮ, ಈ ದೇಶದ ರೀತಿಯೇ ಅದು. ಅಷ್ಟು ಸಲವೂ ನೀನು ಮುಂದಕ್ಕೆ ಹಾಕ್ತಾ ಕೂರ್ತೀಯಾ? ಹರಿಣಿದು ಹೇಗೋ ದೇವರು ನಡೆಸ್ತಾನೆ. ಇಬ್ಬರಲ್ಲಿ ಇದು ನಿನಗೇ ಬೇಕಾದ್ದು. ಅದಕ್ಕೇ ನಿನ್ನ ಕೈಯಲ್ಲಿ ಹಾಕಿಸೋಣ ಅಂತ ಕರ್ಕೊಂಡು ಬಂದೆ."

ಶ್ರೀಲತಾಳ ಕೈಯಲ್ಲಿದ್ದ ಚುಚ್ಚುವ ಕಡ್ಡಿ ಕಾರ್ಡಿನ ಮೇಲೆ ನಿಂತಿತು. ಪಕ್ಕದ ಪರದೆಯ ಹಿಂದೆ ಯಾರೋ ಕೆಮ್ಮಿದರು. ಆಮೇಲೆ ಟಪ್ ಎಂದು ಸಣ್ಣ ಸದ್ದಾಯಿತು.

"ಆಯ್ತಾ?"

"ಆಯ್ತು ಆಂಟಿ."

"ಸರಿಯಾಗಿ ಅದೇ ಹೆಸರಿಗೆ?"

"ಅದೇ ಹೆಸರಿಗೆ. ಆಣೆ."

ಕಾರಿನಲ್ಲಿ ಹರಿಣಿ ಹಿಂದಿನ ಸೀಟಿನಲ್ಲಿ ಮುಖ ಊದಿಸಿಕೊಂಡು ಕುಳಿತಳು. "ಯಾರಿಗೆ ಹಾಕಿಸಿದ್ರಿ ಆಂಟಿ? ಹೇಳಿ ಪರವಾಗಿಲ್ಲ, ನಾನೇನೂ ಅಳಲ್ಲ."

"ಚುಚ್ಚಿದವಳನ್ನೇ ಕೇಳು" ಎಂದು ರಾಜಲಕ್ಷ್ಮಮ್ಮ ಸೀಟಿಗೆ ಒರಗಿ ಕಣ್ಣು ಮುಚ್ಚಿದರು.

ಶ್ರೀಲತಾ ರಸ್ತೆಯ ಮೇಲೇ ಕಣ್ಣಿಟ್ಟು ಕಾರು ಓಡಿಸಿದಳು. ಎರಡು ಸಿಗ್ನಲ್ ದಾಟಿದ ಮೇಲೆ ಮೂರನೆಯದರಲ್ಲಿ ಕೆಂಪು ದೀಪ ಬಿತ್ತು. ಅವಳು ಎದುರಿನ ಕನ್ನಡಿಯಲ್ಲಿ ಹರಿಣಿಯ ಮುಖ ನೋಡಿದಳು.

"ಏನೇ, ನಿನ್ನ ಡಾಕ್ಟರ್ ಹೊಸ ಪೇಷೆಂಟ್ಸ್ ತಗೋತಾರಾ?"